ನಮ್ಮನೆ ಕಟ್ಟೆಯ ಇಂದಿನ ನೀರಿನ ಮಟ್ಟ

ಅಜ್ಜಿ ಕಾಲದ ಒರಳುಕಲ್ಲು ಒಂದು ನಮ್ಮನೆ ಹಿತ್ತಲಲ್ಲಿ ವರ್ಷಗಟ್ಲೆ ಮಳೆಗೂ ಬಿಸಿಲಿಗೂ ಬಿದ್ಕೊಂಡಿತ್ತು. ಮಿಕ್ಸಿ ಗ್ರೈಂಡರ್ ಬಂದ್ಮೇಲೆ ಅದು ಕಾಗೆಗಳ ಬಚ್ಚಲುಮನೆ. ಮೊನ್ನೆ ಒಂದು ಗೃಹಪ್ರವೇಶಕ್ಕೆ ಹೋದಾಗ ಅಲ್ಲಿ ಇಂಥದ್ದೇ ಒರಳನ್ನ ಕಲ್ಲುಕಟ್ಟೆ ಮೇಲೆ ಕೂರಿಸಿ, ಗುಳಿ ತುಂಬಿ ಸುತ್ತಲೂ ನೀರು ಜುಳುಜುಳು ಅಂತ ಇಳಿಯೋ ಹಾಗೆ ಮಾಡಿದ್ರು. ಎಲೆಗೆ ಪಾಯಸ ಬೀಳೋ ಹೊತ್ತಿಗೆ ನಾನು ತೀರ್ಮಾನ ಮಾಡ್ಬಿಟ್ಟಿದ್ದೆ.

ಮೇಸ್ತ್ರಿ ಎರಡು ದಿನದ ಕೂಲಿ ಕೇಳಿದ್ರು. ಒಂದೂಕಾಲಡಿ ಎತ್ತರದ ಕಟ್ಟೆಗೆ ಎರಡು ದಿನಾನಾ, ಬೇಡ ಬಿಡಿ, ನಾನೇ ಕಟ್ತೀನಿ ಅಂದೆ. ಅಪ್ಪ ಪೇಪರಿಂದ ತಲೆ ಎತ್ತಲಿಲ್ಲ. "1911ರಲ್ಲಿ ಶುರು ಮಾಡಿದ ಕನ್ನಂಬಾಡಿ ಕಟ್ಟೆಗೇ ಸುಮಾರು 20 ವರ್ಷ ಹಿಡೀತು, ನಿಂದು ನಾನಿರೋಷ್ಟರಲ್ಲಿ ಮುಗಿಸಪ್ಪ" ಅಂದ್ರು. ನಮ್ಮಪ್ಪ ರಿಟೈರಾದ ಅಪ್ಪಟ ಮೈಸೂರಿನೋರು, ಬೆಳಗಿನ ಕಾಫಿ ಜೊತೆ ಕೆಆರ್‌ಎಸ್ ಗರಿಷ್ಠ ಮಟ್ಟ 124.80 ಅಡಿ, ಇಂದಿನ ಮಟ್ಟ, ಒಳಹರಿವು, ಹೊರಹರಿವು ಇಷ್ಟೂ ಓದ್ದೇ ಇದ್ರೆ ಅವರಿಗೆ ದಿನ ಶುರುವಾಗಲ್ಲ.

ಸೈಜುಗಲ್ಲು ಬಂತು, ಎಂ-ಸ್ಯಾಂಡ್ ಬಂತು, ಒಂದು ಮೂಟೆ ಸಿಮೆಂಟ್ ಬಂತು. ಕಲ್ಲುಕಟ್ಟಡಕ್ಕೆ ಒಂದು ಸಿಮೆಂಟಿಗೆ ಆರು ಮರಳು ಸಾಕು ಅಂತ ಅಂಗಡಿಯೋರು ಹೇಳಿದ್ರು, ನಾನು ಗಟ್ಟಿ ಇರ್ಲಿ ಅಂತ ಒಂದಕ್ಕೆ ಮೂರು ಹಾಕ್ದೆ, ಸಿಮೆಂಟ್ ಜಾಸ್ತಿಯಾದ್ರೆ ಗಾರೆ ಒಣಗ್ತಾ ಕುಗ್ಗಿ ಬಿರುಕು ಬಿಡುತ್ತೆ ಅನ್ನೋದು ಬಿರುಕು ಬಿಟ್ಟಮೇಲೆ ಗೊತ್ತಾಯ್ತು. ರಸಮಟ್ಟ ಇಟ್ಟು ನೋಡ್ದೆ, ಗುಳ್ಳೆ ಸರಿಯಾಗಿ ನಡುವೆ ಕೂತಿತ್ತು. ಅದನ್ನ ಅಡ್ಡಕ್ಕೂ ಇಟ್ಟು ನೋಡ್ಬೇಕು ಅಂತ ಯಾರೂ ಹೇಳಿರ್ಲಿಲ್ಲ. ಏಳು ದಿನ ಗೋಣಿಚೀಲ ಹೊದಿಸಿ ನೀರು ಹಾಕ್ಬೇಕು ಅಂತ ಮಾತ್ರ ಎಲ್ಲಾರೂ ಹೇಳಿದ್ರು, ಆದ್ರೆ ಮಾರನೇ ದಿನ ಭಾನುವಾರ, ಒರಳು ಎತ್ತೋಕೆ ನಾಲ್ಕು ಜನ ಸಿಗೋದು ಅವತ್ತೊಂದೇ ದಿನ.

ಒಂದು ಘನ ಅಡಿ ಗ್ರಾನೈಟ್ ಹತ್ರತ್ರ 75 ಕೆಜಿ ತೂಗುತ್ತೆ. ಇದನ್ನ ಮೊದಲೇ ಹೇಳಿದ್ರೆ ಪಕ್ಕದ್ಮನೆ ಸಾರ್ ಬರ್ತಾನೇ ಇರ್ಲಿಲ್ಲ. ನಾಲ್ಕು ಜನ ಐಸಾ ಅಂತ ಎತ್ತಿ, ದಾರೀಲಿ ಎರಡು ಸಲ ಇಳಿಸಿ, ಒಂದು ದಾಸವಾಳದ ಗಿಡ ಬಲಿ ಕೊಟ್ಟು ಕಟ್ಟೆ ಮೇಲೆ ಕೂರಿಸಿದ್ವಿ. ಅಮ್ಮ ಎಲ್ಲಾರಿಗೂ ಬೋಂಡಾ ಕಾಫಿ ಕೊಟ್ರು. ಆ ಬೋಂಡಾ ಖರ್ಚಲ್ಲೇ ಮೇಸ್ತ್ರಿ ಕೂಲಿ ಅರ್ಧ ಬಂದಿರೋದು.

ಪಂಪ್ ಹಿಡ್ಕೊಂಡು ಬಂದಾಗ ಹೊಳೀತು. ಒರಳಿನ ತಳಕ್ಕೆ ಕಲ್ಲುಕುಟಿಗರ ಹತ್ರ ತೂತು ಕೊರೆಸಿದ್ದೆ, ಸರಿ. ಕಟ್ಟೆ ಒಳಗಿಂದ ಆ ತೂತಿಗೆ ಪೈಪ್ ಬರ್ಬೇಕಲ್ಲ? ಕಟ್ಟೆ ನಡುವೆ ಜಲ್ಲಿ, ಗಾರೆ ಹಾಕಿ ಕನ್ನಂಬಾಡಿಗಿಂತ ಗಟ್ಟಿಯಾಗಿ ತುಂಬಿದ್ದೆ. (ಕನ್ನಂಬಾಡಿಗೆ ಸಿಮೆಂಟೇ ಹಾಕಿಲ್ಲ, ಸುಣ್ಣಕ್ಕೆ ಇಟ್ಟಿಗೆ ಪುಡಿ ಬೆರೆಸಿದ ಸುರ್ಕಿ ಗಾರೆ. ಇದನ್ನೂ ಅಪ್ಪ ಅವತ್ತೇ ಹೇಳಿದ್ದು.) ಕೊನೆಗೆ ತೂತಿಗೆ ಬಿರಡೆ ಜಡಿದು, ಪೈಪನ್ನ ಹೊರಗಿಂದ ಹತ್ತಿಸಿ ಮೇಲಿಂದ ಗುಳಿಗೆ ಇಳಿಬಿಟ್ಟೆ. ನೋಡಿದ್ರೆ ಅಜ್ಜಿ ಒರಳಿಗೆ ಗ್ಲೂಕೋಸ್ ಹಾಕಿ ಮಲಗಿಸಿದ ಹಾಗಿತ್ತು.

ಸ್ವಿಚ್ ಹಾಕ್ದೆ. ಗುಳಿ ತುಂಬ್ತು, ಎಲ್ಲಾರೂ ಉಸಿರು ಬಿಗಿ ಹಿಡಿದ್ರು, ನೀರು ಇಳೀತು, ಆದ್ರೆ ಸುತ್ತಲೂ ಅಲ್ಲ, ಒಂದೇ ಮೂಲೆಯಿಂದ, ಅದೂ ಕಾಂಪೌಂಡ್ ತೂತಿನ ಕಡೆಗೆ. ಕಟ್ಟೆ ಅಡ್ಡಕ್ಕೆ ವಾಲಿತ್ತು. ಸೈಟ್ ಲೆವೆಲ್ ಮಾಡುವಾಗ ತುಂಬಿದ ಸಡಿಲ ಮಣ್ಣಿನ ಮೇಲೆ ಬುನಾದಿ ಅಗೀದೇ ಕಟ್ಟಿದ್ದಕ್ಕೆ ವಾರ ಕಳೆಯೋಷ್ಟರಲ್ಲಿ ಇನ್ನೂ ಒಂದಿಂಚು ಕೂತ್ಕೊಳ್ತು. ನಮ್ಮದಕ್ಕಿಂತ ಪಕ್ಕದ್ಮನೆ ಸೈಟು ಎರಡಡಿ ತಗ್ಗು. ಸಾರ್ ಬಂದು ಕೈ ಮುಗಿದು "ದಯವಿಟ್ಟು ಕೆಳಗೆ ನೀರು ಬಿಡ್ಬೇಡಿ" ಅಂದ್ರು. ಕಾವೇರಿ ಸೀಮೇಲಿ ಕೆಳಗಿನೋರು ಹೀಗೆ ಕೇಳ್ಕೊಂಡಿದ್ದು ಬಹುಶಃ ಇದೇ ಮೊದಲು. ಅಪ್ಪನ ಖುಷಿಗೆ ಪಾರೇ ಇರ್ಲಿಲ್ಲ.

ಪಂಪ್ ಬಿಚ್ಚಿಟ್ಟೆ. ಆಮೇಲೆ ಡೆಂಗ್ಯೂ ಸರ್ವೆಗೆ ಬಂದ ಆಶಾ ಅಕ್ಕ ನೆಟ್ಟಗೆ ಒರಳಿನ ಹತ್ರ ಹೋಗಿ ಟಾರ್ಚ್ ಬಿಟ್ಟು "ಏನ್ ಸಾರ್, ಸೊಳ್ಳೆ ಸಾಕಿದೀರಾ?" ಅಂದ್ರು. ಮರಿ ಹುಳ ಕಾಣಿಸ್ತು. ನೀರು ಚೆಲ್ಲಿಸಿ, ವಾರಕ್ಕೊಂದ್ಸಲ ಉಜ್ಜಿ ಒಣಗಿಸಿ ಅಂತ ಹೇಳಿ ಹೋದ್ರು. ಎತ್ತಿ ಚೆಲ್ಲೋಕೆ ಮತ್ತೆ ನಾಲ್ಕು ಜನ ಬೇಕು, ಹಾಗಾಗಿ ಲೋಟದಲ್ಲಿ ಮೊಗೆದೆ, ತಳದ್ದು ಹಾಗೇ ಉಳೀತು.

ಮೇಸ್ತ್ರಿ ಮೊನ್ನೆ ಬೀದೀಲಿ ಹೋಗ್ತಾ ನಿಂತು ನೋಡಿದ್ರು. "ಯಾರ್ ಸಾ ಇದನ್ನ ಕಟ್ಟಿದ್ದು?"

"ಯಾರೋ, ಊರ ಕಡೆಯೋನು" ಅಂದೆ.

"ಕಾಸು ಕೊಟ್ಬಿಟ್ರಾ?"

ಈಗ ಸಂಜೆಯಾದ್ರೆ ಅಪ್ಪ, ಪಕ್ಕದ್ಮನೆ ಸಾರ್, ಇನ್ನಿಬ್ಬರು ಆ ಕಟ್ಟೆ ಮೇಲೆ ಒರಳಿಗೆ ಒರಗಿ ಕೂತು ಲೋಕದ ವ್ಯವಹಾರ ಎಲ್ಲಾ ಬಗೆಹರಿಸ್ತಾರೆ. ಬೆಳಗ್ಗೆ ಪೇಪರ್ ಮಡಿಚಿಟ್ಟು ನನ್ನನ್ನ ಕೂಗ್ತಾರೆ, "ನಮ್ಮ ಕಟ್ಟೇಲಿ ಇವತ್ತು ಎಷ್ಟಿದ್ಯೋ?"

"ಒಳಹರಿವು ಇಲ್ಲ ಅಪ್ಪ. ತಳದಲ್ಲಿ ಒಂದು ಲೋಟ."

"ಡೆಡ್ ಸ್ಟೋರೇಜ್. ಅದನ್ನೂ ಬಟ್ಟೇಲಿ ಒರೆಸ್ಬಿಡು, ಆಯಮ್ಮ ಬರೋ ದಿನ ಇವತ್ತು."