ಅಡಿಕೆ ಗುಂಪಿನಲ್ಲಿ ಮೆಣಸಿನ ಪ್ರಶ್ನೆ: ತೆಗೆಯಬೇಕೇ, ಉಳಿಸಬೇಕೇ?

ಮಂಗಳೂರು, ಉಡುಪಿ ಕಡೆ ಅಡಿಕೆ ಬೆಳೆಗಾರರಿಗೆ ವಾಟ್ಸಾಪ್ ಗುಂಪು ಎಂದರೆ ಸಲಹಾ ಕೇಂದ್ರ ಇದ್ದ ಹಾಗೆ. ಹಳಬ ಕೃಷಿಕರೂ ವಿಷಯ ಬಲ್ಲವರೂ ಅಲ್ಲಿ ಪುಕ್ಕಟೆ ಉತ್ತರ ಕೊಡುತ್ತಾರೆ. ಹೊಸಬರೊಬ್ಬರು ಬಂದು ಕಾಳುಮೆಣಸಿನದ್ದೋ ಹಸುವಿನದ್ದೋ ಪ್ರಶ್ನೆ ಹಾಕುತ್ತಾರೆ. "ಇಲ್ಲಿ ಅಡಿಕೆ ಮಾತ್ರ" ಎಂದು ಅಡ್ಮಿನ್ ಅದನ್ನು ಅಳಿಸುವುದು ಸರಿಯೇ?

ಪರ: ಅಳಿಸಲೇಬೇಕು

ಜುಲೈ ತಿಂಗಳು. ಮೊದಲ ಸಲ ಮದ್ದು ಸಿಂಪಡಿಸಿ 40 ದಿನ ಕಳೆದಿದೆ. ಕೊಳೆರೋಗ ಹಿಡಿದ ಕಾಯಿ ಮರದ ಬುಡದಲ್ಲಿ ಉದುರಿ ಬಿದ್ದಿದೆ. ಅಪರೂಪಕ್ಕೆ ಮಳೆ ಬಿಟ್ಟಿದೆ. ಆ ಬಿಡುವಿನಲ್ಲೇ ಬೋರ್ಡೋ ದ್ರಾವಣ ತಯಾರಿಸಿ ಗೊನೆಗೆ ತಾಗಿಸಬೇಕು. 100 ಲೀಟರ್ ನೀರಿಗೆ 1 ಕಿಲೋ ಮೈಲುತುತ್ತು, 1 ಕಿಲೋ ಸುಣ್ಣ. ಅಳತೆ ಎಲ್ಲರಿಗೂ ಗೊತ್ತು. ಆದರೆ ಸುಣ್ಣ ಹಳೆಯದಾದರೆ ಆ ಅಳತೆ ಸಾಲದು. ದ್ರಾವಣ ಹುಳಿಯಾಗಿಯೇ ಉಳಿದು ಎಳೆಕಾಯಿಯನ್ನು ಸುಡುತ್ತದೆ. ಹೊಳೆಯುವ ಕಬ್ಬಿಣದ ಕತ್ತಿಯನ್ನು ಅದ್ದಿ ನೋಡಬೇಕು. ಅದಕ್ಕೆ ಕೆಂಪು ಹಿಡಿದರೆ ಇನ್ನೂ ಸುಣ್ಣ ಬೇಕು.

ಈ ಸಂಶಯ ಬಂದವರಿಗೆ ಉತ್ತರ ಸಂಜೆ ಸಿಕ್ಕಿ ಪ್ರಯೋಜನ ಇಲ್ಲ, ಈಗಲೇ ಬೇಕು. ಅದರ ಕೆಳಗೆ ಹಸುವಿನ ಕೆಚ್ಚಲು ಬಾವು, ಹಳೆ ಪಂಪಿನ ಮಾರಾಟ, ಮೆಣಸಿನ ಧಾರಣೆ ಸಾಲಾಗಿ ಬಂದರೆ ಅವರ ಪ್ರಶ್ನೆ ಕಣ್ಮರೆಯಾಗುತ್ತದೆ. ವಾಟ್ಸಾಪ್ ಗುಂಪಿನಲ್ಲಿ 1,024 ಜನರವರೆಗೆ ಇರಬಹುದು. ಸರಿಯಾದ ಉತ್ತರ ಕೊಡಬಲ್ಲವರು ಬೆರಳೆಣಿಕೆಯಷ್ಟು ಮಂದಿ. ಬೇಡದ ಮಾತು ಜಾಸ್ತಿಯಾದರೆ ಅವರು ಜಗಳಕ್ಕೆ ಬರುವುದಿಲ್ಲ. ಸುಮ್ನೆ ಮ್ಯೂಟ್ ಮಾಡುತ್ತಾರೆ. ನಷ್ಟ ಉಳಿದವರಿಗೆ.

ಪ್ರೋಗ್ರಾಮರ್‌ಗಳ ಪ್ರಶ್ನೋತ್ತರ ತಾಣ ಸ್ಟಾಕ್ ಓವರ್‌ಫ್ಲೋ 2008ರಲ್ಲಿ ಶುರುವಾಯಿತು. ವಿಷಯ ಬಿಟ್ಟ ಪ್ರಶ್ನೆಗಳನ್ನು ಅಲ್ಲಿ ಮುಚ್ಚುತ್ತಾರೆ. ಉಳಿದ ವಿಷಯಗಳಿಗೆ ಅದೇ ಬಳಗದಲ್ಲಿ ಬೇರೆ ತಾಣಗಳಿವೆ, ತೋಟಗಾರಿಕೆಗೂ ಇದೆ. ಆ ಬಿಗಿಯಿಂದಲೇ ವರ್ಷಗಳ ಹಿಂದಿನ ಉತ್ತರ ಇವತ್ತೂ ಹುಡುಕಿದವರ ಕೈಗೆ ಸಿಗುತ್ತದೆ.

ಇನ್ನೊಂದು ಅಪಾಯ ಇದಕ್ಕಿಂತ ದೊಡ್ಡದು. ಹಸು ಮೇವು ಬಿಟ್ಟಿದೆ ಎಂದರೆ ಅಡಿಕೆ ಬಲ್ಲವರೂ ಏನೋ ಒಂದು ಮದ್ದು ಹೇಳುತ್ತಾರೆ. ಅಡಿಕೆ ವಿಷಯದಲ್ಲಿ ಅವರ ಮಾತಿಗೆ ಇರುವ ತೂಕವನ್ನೇ ಹೊಸಬರು ಇದಕ್ಕೂ ಕೊಡುತ್ತಾರೆ. ಹಸುವಿನ ಜೀವ ಹೋದರೆ ಯಾರು ಹೊಣೆ? "1962ಕ್ಕೆ ಫೋನ್ ಮಾಡಿ, ಪಶುವೈದ್ಯರ ಗಾಡಿ ಬರುತ್ತದೆ" ಎಂದು ಅವರಿಗೇ ಬರೆದು ತಿಳಿಸಿ, ಗುಂಪಿನಿಂದ ಪ್ರಶ್ನೆ ತೆಗೆದರೆ ಅದು ಅವಮಾನ ಅಲ್ಲ. ಬೇಗ ಸಿಕ್ಕಿದ ಸಹಾಯ.

ವಿರೋಧ: ಉಳಿಸಿ, ಉತ್ತರ ಕೊಡಿ

ನಮ್ಮ ಕಡೆ ಅಡಿಕೆ ಒಂದೇ ಇರುವ ತೋಟ ಎಷ್ಟಿದೆ? ಮರಕ್ಕೆ ಮೆಣಸಿನ ಬಳ್ಳಿ ಹಬ್ಬಿದೆ, ನಡುವೆ ಬಾಳೆ, ಕೊಕ್ಕೋ. ಗೊಬ್ಬರ ಬರುವುದು ಹಟ್ಟಿಯಿಂದ. ಅಡಿಕೆಗೆ ಕೊಳೆರೋಗ ತರುವುದು ಫೈಟಾಫ್ತೊರಾ ಎಂಬ ರೋಗಾಣು. ಮೆಣಸಿನ ಬಳ್ಳಿ ಒಂದೆರಡು ವಾರದಲ್ಲೇ ಸೊರಗಿ ಸಾಯುವುದು ಅದೇ ಕುಲದ ಇನ್ನೊಂದು ರೋಗಾಣುವಿನಿಂದ. ಎರಡೂ ಹಬ್ಬುವುದು ಮಳೆಗಾಲದಲ್ಲಿ. ಎರಡನ್ನೂ ತಡೆಯಲು ಬಳಸುವುದು ಅದೇ ಶೇಕಡಾ 1ರ ಬೋರ್ಡೋ. ಹಾಗಿದ್ದರೆ ಮೆಣಸಿನ ಪ್ರಶ್ನೆ ವಿಷಯ ಬಿಟ್ಟದ್ದು ಹೇಗಾಗುತ್ತದೆ?

ತೋಟದಲ್ಲಿ ಇಲ್ಲದ ಗೆರೆಯನ್ನು ಗುಂಪಿನಲ್ಲಿ ಎಳೆದವರು ನಾವು. ಆ ಗೆರೆ ಎಲ್ಲಿದೆ ಎಂದು ತಿಳಿಯಲು ಮೊದಲು ವಿಷಯ ತಿಳಿದಿರಬೇಕು. ಹೊಸಬರಿಗೆ ಇಲ್ಲದ್ದೇ ಆ ತಿಳಿವಳಿಕೆ, ಅಲ್ವಾ? ಅದಕ್ಕೇ ಅವರು ಕೇಳುತ್ತಿದ್ದಾರೆ.

ಹೀಗೆ ಕೇಳುವವರು ಯಾರು ಎಂದೂ ನೋಡಬೇಕು. ಅಪ್ಪ ತೀರಿಕೊಂಡ ಮೇಲೆ ಬೆಂಗಳೂರು, ಮುಂಬೈ, ದುಬೈ ಬಿಟ್ಟು ಬಂದು ತೋಟಕ್ಕೆ ಇಳಿದವರಿದ್ದಾರೆ. ಪಕ್ಕದ ಮನೆಯಲ್ಲಿ ಕೇಳಲು ಹಿರಿಯರಿಲ್ಲ. ಮೊದಲ ಪ್ರಶ್ನೆಯೇ ಅಳಿಸಿಹೋದರೆ ಅವರು ಎರಡನೆಯದನ್ನು ಕೇಳುವುದಿಲ್ಲ. ಆ ಎರಡನೆಯದು ಕೊಳೆರೋಗದ್ದೇ ಆಗಿರಬಹುದು. ಮತ್ತೆ ಅವರು ಹೋಗುವುದು ನೇರ ಔಷಧದ ಅಂಗಡಿಗೆ. ಅಲ್ಲಿ ಕೊಟ್ಟ ಬಾಟ್ಲಿಯನ್ನೇ ನಂಬುತ್ತಾರೆ.

ಬಿಗಿ ನಿಯಮದ ಬೆಲೆ ಏನೆಂದು ಸ್ಟಾಕ್ ಓವರ್‌ಫ್ಲೋ ಕೂಡ ಕಂಡಿದೆ. ತಮ್ಮ ತಾಣ ಹೊಸಬರಿಗೆ ಹಿತವಾಗಿಲ್ಲ ಎಂದು 2018ರಲ್ಲಿ ಅದನ್ನು ನಡೆಸುವವರೇ ಬಹಿರಂಗವಾಗಿ ಬರೆದರು. ನಡವಳಿಕೆಯ ನಿಯಮವನ್ನೂ ಅದೇ ವರ್ಷ ಬದಲಿಸಿದರು. ಹೊಸಬರನ್ನು ಕಚ್ಚಬೇಡಿ ಎಂಬುದು ವಿಕಿಪೀಡಿಯದ ಹಳೆಯ ಸೂಚನೆ. ಕನ್ನಡ ವಿಕಿಪೀಡಿಯದಲ್ಲಂತೂ ಮಾತುಕತೆಗೆಂದೇ ಅರಳಿಕಟ್ಟೆ ಎಂಬ ಪುಟ ಇದೆ.

ಜುಲೈಯ ಗಡಿಬಿಡಿ ನಿಜ. ಅದಕ್ಕೆ ದಾರಿಯೂ ಇದೆ. ತುರ್ತು ಪ್ರಶ್ನೆಯನ್ನು ಪಿನ್ ಮಾಡಬಹುದು. ವಾಟ್ಸಾಪ್ ಕಮ್ಯುನಿಟಿಯಲ್ಲಿ ಪಕ್ಕದಲ್ಲೇ ಇನ್ನೊಂದು ಗುಂಪು ತೆರೆಯಬಹುದು. ಹಸುವಿಗೆ 1962 ಸರಿಯಾದ ಉತ್ತರವೇ. ಅದನ್ನು ಪ್ರಶ್ನೆಯ ಕೆಳಗೇ ಬರೆಯಿರಿ. ಅಳಿಸಿದರೆ ನಾಳೆ ಇನ್ನೊಬ್ಬರು ಅದನ್ನೇ ಕೇಳುತ್ತಾರೆ. ಮೆಣಸು ಸೊರಗಿದೆ ಎಂದವರಿಗೆ ಬುಡದಲ್ಲಿ ನೀರು ನಿಲ್ಲದ ಹಾಗೆ ಕಣಿ ಬಿಡಿಸಲು, ಸತ್ತ ಬಳ್ಳಿಯನ್ನು ಬೇರು ಸಮೇತ ಕಿತ್ತು ತೋಟದಿಂದ ಹೊರಗೆ ಒಯ್ಯಲು, ಮುಂದಿನ ವರ್ಷ ಮಳೆ ಹಿಡಿಯುವ ಮೊದಲೇ ಬೋರ್ಡೋ ಸಿಂಪಡಿಸಲು ಹೇಳಿ. ಬರೆಯಲು ಎರಡು ನಿಮಿಷ ಸಾಕು.