ತಂಬೂರಿಯ ಗರ್ಜನೆ

ಬದಿಯಡ್ಕದಲ್ಲಿ ಬಸ್ಸಿಗೆ ಕಾಯುತ್ತಿದ್ದೆ. ಹೋಟೆಲಿನ ರೇಡಿಯೋದಲ್ಲಿ ಒಂದು ಭಕ್ತಿಗೀತೆ. ಶುರುವಿನ ತಂಬೂರಿಯೂ ನಡುವಿನ ಚೆಂಡೆಯೂ ಒಂದೇ ಸೌಂಡು. ತಂಬೂರಿ ಹಾಗೆ ಗರ್ಜಿಸಿದ್ದನ್ನು ನಾನು ಬೇರೆಲ್ಲೂ ಕೇಳಿಲ್ಲ.

ಅದು ನಮ್ಮ ಭಾವನ ಸ್ಟುಡಿಯೋದ ಹಾಡು. "ಎಂತ ಮಾರಾಯ, ಸೌಂಡೇ ಇಲ್ಲ, ರೇಡಿಯೋದಲ್ಲಿ ಸಪ್ಪೆಯಾದೀತು" ಎಂದು ಹಾಡು ಮಾಡಿಸಿದವರು ಪೀಡಿಸಿದ್ದಕ್ಕೆ ಅವನು ಲಿಮಿಟರ್, ಅಂದರೆ ಜೋರು ಸೌಂಡು ಮಿತಿ ಮೀರದಂತೆ ತಡೆಯುವ ಸಾಧನ, ಹಾಕಿ ಒತ್ತಿ ಒತ್ತಿ ಕೊಟ್ಟಿದ್ದ. ಸುಮ್ನೆ ದಂಡ. ಎಫ್‌ಎಂ ಸ್ಟೇಷನ್ನಿನಲ್ಲಿ ಪ್ರೊಸೆಸರ್ ಅಂತ ಒಂದು ಇರುತ್ತದೆ. 1975ರಲ್ಲಿ ಆಪ್ಟಿಮಾಡ್ ಎಂಬ ಪ್ರೊಸೆಸರ್ ಬಂದಾಗಿನಿಂದ ಇದೇ ಸಂಪ್ರದಾಯ. ಯಾರ ಹಾಡು ಬರಲಿ, ಜೋರಾದದ್ದನ್ನು ಇಳಿಸಿ, ಮೆಲ್ಲಗಿನದ್ದನ್ನು ಎತ್ತಿ, ಎಲ್ಲವನ್ನೂ ಒಂದೇ ಮಟ್ಟಕ್ಕೆ ತಂದೇ ಅದು ಹೊರಗೆ ಬಿಡುವುದು. ಮೊದಲೇ ಜಜ್ಜಿದ ಹಾಡನ್ನು ಇನ್ನೊಮ್ಮೆ ಜಜ್ಜಿದರೆ ಸೌಂಡು ಜಾಸ್ತಿಯಾಗುವುದಿಲ್ಲ, ಕರಕರ ಅನ್ನುತ್ತದೆ ಅಷ್ಟೆ. ಅದರ ಮೇಲೆ ಎಫ್‌ಎಂನವರು ತೀಕ್ಷ್ಣ ಸ್ವರಗಳನ್ನು ಎತ್ತಿಯೇ ಕಳಿಸುತ್ತಾರೆ, ಅವೇ ಮೊದಲು ಮಿತಿ ಮುಟ್ಟಿ ಪ್ರೊಸೆಸರಿನ ಕೈಗೆ ಸಿಗುತ್ತವೆ, ಹಾಗಾಗಿ ತಾಳದ ಠಣ್ ಮೊದಲು ಸಾಯುತ್ತದೆ.

ನಮ್ಮೂರ ಯಕ್ಷಗಾನದ ಆಟಗಳಿಗೆ ಒಬ್ಬ ಮೈಕ್‌ಸೆಟ್ಟಿನ ಅಣ್ಣ ಬರುತ್ತಿದ್ದ. ಅವನೇ ಪ್ರೊಸೆಸರ್. ಚೆಂಡೆ ಬಿದ್ದ ಕೂಡಲೇ ಸೌಂಡಿನ ಗುಂಡಿ ಹಿಂದಕ್ಕೆ, ನಿಂತ ಕೂಡಲೇ ಮುಂದಕ್ಕೆ. ಭಾಗವತರು ಜಾಗಟೆ ಕೆಳಗಿಟ್ಟು ಎಲೆಯಡಿಕೆ ಜಗಿಯುವುದು, ಗಂಟಲು ಸರಿಮಾಡುವುದು, ಎಲ್ಲ ಗದ್ದೆಯ ಆಚೆ ಬದಿಗೂ ಕೇಳುತ್ತಿತ್ತು. ಒಮ್ಮೆ ವೇಷ ಹಾಕುವ ಚೌಕಿಯಿಂದ "ನನ್ನ ಗೆಜ್ಜೆ ಎಲ್ಲಿ ಮಾರಾಯ" ಎಂದದ್ದು ದೇವೇಂದ್ರನ ಒಡ್ಡೋಲಗದ ನಡುವೆ ಸ್ಪಷ್ಟವಾಗಿ ಕೇಳಿತು. ದೇವೇಂದ್ರನೂ ತಿರುಗಿ ನೋಡಿದ. ದೇವಿಮಹಾತ್ಮೆಯ ರಾತ್ರಿಯಂತೂ ಹೇಳುವುದೇ ಬೇಡ. ಸಭೆಯ ಹಿಂದಿನಿಂದ ದೊಂದಿ ಹಿಡಿದು, ರಾಳ ಹಾರಿಸಿಕೊಂಡು ಮಹಿಷಾಸುರ ಬಂದ. ಮಕ್ಕಳು ಅಜ್ಜಿಯರ ಸೆರಗಿಗೆ ನುಗ್ಗಿದವು. ಅವನು ರಂಗಸ್ಥಳಕ್ಕೆ ಹತ್ತಿ ಆರ್ಭಟ ಕೊಟ್ಟನೋ ಇಲ್ಲವೋ, ನಮ್ಮಣ್ಣ ಗುಂಡಿ ಪೂರ್ತಿ ಹಿಂದಕ್ಕೆ ತಿರುಗಿಸಿದ. ಮಹಿಷಾಸುರ ಬೆಕ್ಕಾದ. ಮಕ್ಕಳು ಸೆರಗಿನಿಂದ ಹೊರಬಂದು ನೆಲಗಡಲೆ ತಿನ್ನತೊಡಗಿದವು. "ಅಂವ ಯಾಕೆ ಬೊಬ್ಬೆ ಹಾಕುದು? ಮೈಕ್ ಉಂಟಲ್ಲ?" ಎಂಬುದು ಅಣ್ಣನ ವಾದ.

ಯುರೋಪಿನಲ್ಲಿ 2010ರಿಂದ ಮೈನಸ್ 23 ಎಂದೊಂದು ಸೌಂಡಿನ ಮಟ್ಟ ಇಟ್ಟು ಟಿವಿ ಪ್ರಸಾರದ ಸೌಂಡನ್ನು ಸರಾಸರಿಯಲ್ಲಿ ಅಳೆಯುತ್ತಾರೆ. ಹಾಗಾಗಿ ನಡುವೆ ಮೆಲ್ಲಗೆ, ಜೋರು ಎರಡಕ್ಕೂ ಜಾಗ ಉಂಟು. ನಮ್ಮಲ್ಲಿ ಜಾಹೀರಾತು ಬಂತೆಂದರೆ ರಿಮೋಟು ಹುಡುಕಬೇಕು. ಕಿವಿ ಇರುವುದು ಕೂಗಿಸಿಕೊಳ್ಳಲಿಕ್ಕೆ ಅಂತ ಇವರಿಗೆಲ್ಲ ಯಾರು ಹೇಳಿಕೊಟ್ಟರೋ!

ಭಾವ ಈಗ ಹುಷಾರಾಗಿದ್ದಾನೆ. ಒಂದೇ ಹಾಡಿಗೆ ಎರಡು ಫೈಲು. ಜಜ್ಜಿದ್ದು ಗಿರಾಕಿಯ ಕಾರಿಗೆ, ಜಜ್ಜದ್ದು ರೇಡಿಯೋಗೆ. ಮೊನ್ನೆ ಒಬ್ಬರು ಫೋನ್ ಮಾಡಿ "ರೇಡಿಯೋದಲ್ಲಿ ಬಾರೀ ಲಾಯ್ಕ ಬಂತು, ನಾನು ಜೋರು ಮಾಡಿಸಿದ್ದಕ್ಕೇ" ಅಂದರಂತೆ. ಭಾವ "ಹೌದು ಅಣ್ಣ" ಅಂದು ಬಿಲ್ ಕಳಿಸಿದ.