ಖಾಲಿ ಸೀಟಿನ ಅಪಘಾತ

ರಸ್ತೆಯಲ್ಲಿ ಎರಡು ಗಾಡಿ ತಾಗಿದವು ಅಂದರೆ ಮೊದಲು ಆಗಬೇಕಾದದ್ದು ಜಗಳ. ಇಬ್ಬರೂ ಬಾಗಿಲು ತೆಗೆದು ಇಳಿಯಬೇಕು, ಒಬ್ಬ ‘ಕಣ್ಣು ಕಾಣಲ್ವೇನ್ರೀ’ ಅನ್ನಬೇಕು, ಇನ್ನೊಬ್ಬ ‘ಇಂಡಿಕೇಟರ್ ಯಾಕ್ ಹಾಕ್ಲಿಲ್ಲ’ ಅನ್ನಬೇಕು, ಹಿಂದಿನ ಬಸ್ಸಿನವನು ಹಾರ್ನ್ ಒತ್ತುತ್ತಲೇ ಇರಬೇಕು. ರಿಪೇರಿ ಖರ್ಚು ಆಮೇಲಿನ ಮಾತು. ಆದರೆ ಸಕಲೇಶಪುರದಲ್ಲಿ ನಮ್ಮ ಚಿಕ್ಕಪ್ಪನ ಮಗನ ಹೊಸ ಪಿಕಪ್‌ಗೆ ಕಾರು ಗುದ್ದಿದಾಗ ಈ ಯಾವ ಶಾಸ್ತ್ರವೂ ನಡೆಯಲಿಲ್ಲ. ಕಾರಣ, ಪಿಕಪ್‌ನಲ್ಲೂ ಯಾರೂ ಇರಲಿಲ್ಲ, ಕಾರಿನಲ್ಲೂ ಯಾರೂ ಇರಲಿಲ್ಲ.

ಬಿ.ಎಂ. ರಸ್ತೆ, ಅಂದರೆ ಬೆಂಗಳೂರು-ಮಂಗಳೂರು ರಸ್ತೆಯಿಂದ ಒಳಕ್ಕೆ ಹತ್ತುವ ಒಂದು ಏರು. ಪಿಕಪ್ ಮೂತಿ ಮೇಲಕ್ಕೆ ಮಾಡಿ ನಿಂತಿತ್ತು. ನಂಬರ್ ಪ್ಲೇಟಿನ ಅರಿಶಿನ ಇನ್ನೂ ಮಾಸಿರಲಿಲ್ಲ, ಬಂಪರಿಗೆ ಕಟ್ಟಿದ ನಿಂಬೆಹಣ್ಣು ಒಣಗಿರಲಿಲ್ಲ, ಸೀಟಿನ ಪ್ಲಾಸ್ಟಿಕ್ ಹೊದಿಕೆ ಕೀಳಲು ನಮ್ಮ ಹುಡುಗ ಯಾರಿಗೂ ಬಿಟ್ಟಿರಲಿಲ್ಲ. ಕಾಳುಮೆಣಸಿನ ಚೀಲ ಇಳಿಸಿ ಕಾಫಿ ಕುಡಿಯಲು ಹೋಗಿದ್ದ. ಮೇಲ್ಗಡೆ ಬೆಂಗಳೂರಿನ ಕಾರೊಂದು ನಿಂತಿತ್ತು, ಅದರವರು ಬೇಕರಿಯಲ್ಲಿ ಮಕ್ಕಳಿಗೆ ಏನೋ ಕೊಡಿಸುತ್ತಿದ್ದರು. ಕಾರು ಯಾರಿಗೂ ಹೇಳದೆ ಕೇಳದೆ ಹಿಂದಕ್ಕೆ ಹೊರಟಿತು. ವೇಗ ಏನೂ ಇರಲಿಲ್ಲವಂತೆ. ಎದುರಂಗಡಿಯವರು ‘ಏಯ್ ಏಯ್, ನಿಲ್ಸು’ ಅಂತ ಕಾರಿಗೇ ಕೂಗಿದರಂತೆ. ಅದು ನಿಲ್ಲಲಿಲ್ಲ, ಪಿಕಪ್ಪೇ ನಿಲ್ಲಿಸಿತು.

ನೋಡಿದರೆ ಹ್ಯಾಂಡ್‌ಬ್ರೇಕ್ ಅರ್ಧ ಎಳೆದಿತ್ತು, ಗೇರು ನ್ಯೂಟ್ರಲ್‌ನಲ್ಲಿತ್ತು. ಊರಿನವರೆಲ್ಲ ಬೆಂಗಳೂರಿನವರಿಗೆ ಗಾಡಿ ನಿಲ್ಲಿಸಲು ಬರುವುದಿಲ್ಲ ಅಂದರು. ನನಗೆ ಹಾಗನ್ನಿಸಲಿಲ್ಲ. ಬೆಂಗಳೂರಿನಲ್ಲಿ ಅದೇ ಮರ್ಯಾದೆ. ಕಲ್ಯಾಣ ಮಂಟಪದ ಮುಂದೆ ಪಾರ್ಕಿಂಗ್ ಹುಡುಗ ಮೊದಲು ಹೇಳುವುದೇ ‘ಸಾರ್, ನ್ಯೂಟ್ರಲ್ಲಲ್ಲಿ ಬಿಡಿ, ಹ್ಯಾಂಡ್‌ಬ್ರೇಕ್ ಹಾಕ್ಬೇಡಿ, ನಾವು ತಳ್ಕೋತೀವಿ’. ಅಪಾರ್ಟ್‌ಮೆಂಟಿನಲ್ಲಿ ಒಂದರ ಹಿಂದೊಂದು ನಿಲ್ಲಿಸುವವರೂ ಹೀಗೇ ಬಿಡಬೇಕು. ಬ್ರೇಕ್ ಹಾಕಿ ಹೋದ ಒರಟನ ಗಾಡಿ ನಂಬರನ್ನು ಮೈಕಿನಲ್ಲಿ ಕೂಗಿ ಊಟದ ಪಂಕ್ತಿಯಿಂದ ಎಬ್ಬಿಸಿ ತರುತ್ತಾರೆ, ಪಾಯಸ ಎಲೆಗೆ ಬೀಳುವ ಹೊತ್ತಿಗೆ ಸರಿಯಾಗಿ.

ಮಲೆನಾಡಿನಲ್ಲಿ ಇದೆಲ್ಲ ತಿರುಗುಮುರುಗು. ಏರಿಗೆ ಮುಖ ಮಾಡಿದರೆ ಫಸ್ಟ್ ಗೇರು, ಇಳಿಜಾರಿಗೆ ಮುಖ ಮಾಡಿದರೆ ರಿವರ್ಸು, ಮುಂದಿನ ಚಕ್ರ ರಸ್ತೆ ಪಕ್ಕದ ಮಣ್ಣಿನ ದರೆ ಕಡೆಗೆ ತಿರುಗಿಸಿ, ಅದರ ಮೇಲೂ ನಂಬಿಕೆ ಸಾಲದಿದ್ದರೆ ಗಾಲಿಗೊಂದು ಕಲ್ಲು. ಲಾರಿಯ ಕ್ಲೀನರ್ ಹುಡುಗ ಕಲಿಯುವ ಮೊದಲ ವಿದ್ಯೆ ಈ ಕಲ್ಲು ಕೊಡುವುದು. ಹೊರಡುವಾಗ ಅದನ್ನು ರಸ್ತೆಯಲ್ಲೇ ಬಿಟ್ಟು ಹೋಗುವುದು ಅವನ ಮೊದಲ ಪಾಪ. ರಾತ್ರಿ ಬೈಕಿನವರು ಅದರ ಮೇಲೆ ಹತ್ತಿಸಿ ಬೀಳುತ್ತಾರೆ.

ಕಾನೂನಿಗೂ ಈ ಕಲ್ಲು ಗೊತ್ತು. 1988ರ ಮೋಟಾರು ವಾಹನ ಕಾಯ್ದೆಯ 126ನೇ ಸೆಕ್ಷನ್ ನಿಂತ ಗಾಡಿಗಳದ್ದು. ಸಾರ್ವಜನಿಕ ಜಾಗದಲ್ಲಿ ಗಾಡಿ ನಿಂತಿದ್ದರೆ ಚಾಲಕನ ಸೀಟಿನಲ್ಲಿ ಲೈಸೆನ್ಸ್ ಇರುವವರು ಕೂತಿರಬೇಕು. ಇಲ್ಲವಾದರೆ ಇಂಜಿನ್ ನಿಲ್ಲಿಸಿ ಬ್ರೇಕ್ ಹಾಕಿರಬೇಕು, ಅಥವಾ ಗಾಡಿ ತಾನಾಗಿ ಹೊರಡದ ಹಾಗೆ ಬೇರೇನಾದರೂ ಏರ್ಪಾಡು ಮಾಡಿರಬೇಕು. ಇದನ್ನು ಬರೆದವರಲ್ಲಿ ಒಬ್ಬರಾದರೂ ಘಾಟಿ ಹತ್ತಿದವರು ಇದ್ದಿರಬೇಕು. ‘ನಾನು ಓಡಿಸ್ತಲೇ ಇರ್ಲಿಲ್ಲ’ ಅನ್ನುವ ವಾದವೂ ನಿಲ್ಲುವುದಿಲ್ಲ. ಹೆದ್ದಾರಿ ಪಕ್ಕ ಉರುಳಿ ಬಿದ್ದ ಪೆಟ್ರೋಲ್ ಟ್ಯಾಂಕರ್ ಕೆಲವು ಗಂಟೆಗಳ ಮೇಲೆ ಹೊತ್ತಿಕೊಂಡ ಕೇಸಿನಲ್ಲಿ, ಬಿದ್ದಿದ್ದರೂ ಅದು ವಾಹನದ ಬಳಕೆಯೇ ಅಂತ ಸುಪ್ರೀಂ ಕೋರ್ಟು 1991ರಲ್ಲೇ ಹೇಳಿದೆ.

ಇಷ್ಟೆಲ್ಲ ನಾನು ಓದಿಕೊಂಡದ್ದು ದಂಡ. ಕಾರಿನವರು ಓಡಿ ಬಂದವರೇ ‘ತಪ್ಪು ನಮ್ಮದೇ ಅಣ್ಣ, ಎಷ್ಟಾಗುತ್ತೆ ಹೇಳಿ’ ಅಂದುಬಿಟ್ಟರು. ಕಾಫಿ ಲೋಟ ಹಿಡಿದೇ ಓಡಿ ಬಂದಿದ್ದ ನಮ್ಮವನು ಬಾಯಿ ತೆಗೆದವನು ಹಾಗೇ ನಿಂತ. ಗುಂಪಿಗೆ ನಿರಾಸೆಯಾಯಿತು. ಪಾಪ, ಅವರೇ ಎರಡು ಪಂಗಡವಾಗಿ ಇನ್ಶೂರೆನ್ಸ್ ಕ್ಲೇಮ್ ಮಾಡಬೇಕೋ ಕೈಮೇಲೆ ದುಡ್ಡು ತಗೊಳ್ಳಬೇಕೋ ಅಂತ ಜಗಳಕ್ಕೆ ನಿಂತರು.

ಏಜೆಂಟರಿಗೆ ಫೋನ್ ಹೋಯಿತು. ಪೆಟ್ಟಾದದ್ದು ಬಂಪರು, ಎಡಗಡೆ ಹೆಡ್‌ಲೈಟು, ಬಾನೆಟ್ಟಿನ ಮೂಲೆ, ಪೇಂಟು. ಸರಕು ಗಾಡಿಯ ಸಾಮಾನ್ಯ ಪಾಲಿಸಿಯಲ್ಲಿ ಸೇರದ ಪಟ್ಟಿಯೂ ಹೆಚ್ಚುಕಮ್ಮಿ ಇದೇ: ದೀಪ, ಟೈರು, ಮಡ್‌ಗಾರ್ಡು, ಬಾನೆಟ್ಟಿನ ಬದಿ, ಬಂಪರು, ಪೇಂಟು. ಕಾರು ಪಾಲಿಸಿ ಓದಿಕೊಂಡೇ ಇಳಿದು ಬಂದಿರಬೇಕು ಅನ್ನಿಸಿತು. ಇವೆಲ್ಲ ಬೇಕಾದರೆ ಐಎಂಟಿ 23 ಅನ್ನುವ ಸೇರ್ಪಡೆಗೆ ಬೇರೆ ಹಣ ಕಟ್ಟಿರಬೇಕು. ಪುಣ್ಯಕ್ಕೆ ಕಟ್ಟಿತ್ತು. ಆದರೂ ಪ್ಲಾಸ್ಟಿಕ್, ರಬ್ಬರಿಗೆ ಅರ್ಧ ಬೆಲೆ ಮುರಿದುಕೊಳ್ಳುತ್ತಾರೆ, ಗಾಡಿ ಶೋರೂಮಿಂದ ನಿನ್ನೆ ಇಳಿದಿದ್ದರೂ ಸರಿ. ಪೇಂಟಿನ ಸಾಮಾನಿಗೂ ಅರ್ಧವೇ. ಗಾಜಿಗೆ ಮುರಿಯುವುದಿಲ್ಲ, ತಗಡಿಗೆ ಮೊದಲ ಆರು ತಿಂಗಳು ಮುರಿಯುವುದಿಲ್ಲ. ಒಮ್ಮೆ ಕ್ಲೇಮ್ ಮಾಡಿದರೆ ಮುಂದಿನ ವರ್ಷ ಸಿಗಬೇಕಾದ 20 ಪರ್ಸೆಂಟ್ ರಿಯಾಯಿತಿ, ಅಂದರೆ ನೋ ಕ್ಲೇಮ್ ಬೋನಸ್ಸೂ ಹೋಯಿತು. ಕಾರಿನ ಥರ್ಡ್ ಪಾರ್ಟಿ ವಿಮೆಯಲ್ಲಿ ಇನ್ನೊಬ್ಬರ ಆಸ್ತಿ ನಷ್ಟಕ್ಕೆ ಏಳೂವರೆ ಲಕ್ಷದವರೆಗೆ ಅವಕಾಶವಿದೆ ನಿಜ, ಅದಕ್ಕೆ ಅಪಘಾತದ ಪರಿಹಾರ ತೀರ್ಮಾನಿಸುವ ಕ್ಲೇಮ್ಸ್ ಟ್ರಿಬ್ಯೂನಲ್ಲಿಗೆ ಹೋಗಬೇಕು. ವಕೀಲರ ಫೀಸಿನಲ್ಲಿ ಇನ್ನೊಂದು ಬಂಪರ್ ಬರುತ್ತಿತ್ತು. ಕೈಮೇಲೆ ದುಡ್ಡು ಅನ್ನುವ ಪಂಗಡ ಗೆದ್ದಿತು.

ಟಿಂಕರ್ ಭಾಯ್ ಬಂದರು. ಅವರು ಮೊದಲು ನೋಡಲೇ ಇಲ್ಲ, ಮುಟ್ಟಿದರು. ಬಾನೆಟ್ಟಿನ ಮೂಲೆಯ ತಗ್ಗಿನ ಸುತ್ತ ಅಂಗೈ ಆಡಿಸಿ, ತಗಡು ಎಲ್ಲಿಂದ ಬಾಗಲು ಶುರುವಾಗಿದೆಯೋ ಅಲ್ಲಿ ಚಾಕ್‌ಪೀಸಿನಿಂದ ಗೆರೆ ಎಳೆದರು. ನಮ್ಮ ಕಣ್ಣಿಗೆ ಕಂಡದ್ದು ಮುಷ್ಟಿಯಷ್ಟು ತಗ್ಗು, ಅವರ ಗೆರೆ ತಟ್ಟೆಯಷ್ಟು ಅಗಲವಾಯಿತು. ಬಂಪರಿಗೆ ‘ಹೊಸದು’, ಲೈಟಿಗೆ ‘ಹೊಸದು’, ಬಾನೆಟ್ಟಿಗೆ ‘ತಟ್ಟಿ ಎತ್ತಣ’. ರೇಟು ಹೇಳಿದರು. ಬೆಂಗಳೂರಿನವರು ಚೌಕಾಸಿ ಮಾಡದೆ ಫೋನಿನಲ್ಲೇ ಕಳಿಸಿ, ಮಕ್ಕಳನ್ನು ಹತ್ತಿಸಿಕೊಂಡು ಹೊರಟರು. ಅವರ ಕಾರಿನ ಹಿಂಬದಿಯೂ ಚೆನ್ನಾಗಿಯೇ ಜಜ್ಜಿತ್ತು. ಅದರ ಬಗ್ಗೆ ಯಾರೂ ಒಂದು ಮಾತು ಆಡಲಿಲ್ಲ.

ಭಾಯ್ ಒಳಗಿನಿಂದ ಮರದ ಸುತ್ತಿಗೆಯಲ್ಲಿ ತಟ್ಟಿ ಎತ್ತಿದರು, ಪುಟ್ಟಿ ಮೆತ್ತಿದರು, ನೀರು ಹಾಕಿ ವಾಟರ್ ಪೇಪರಿನಲ್ಲಿ ಉಜ್ಜಿದರು, ಪೇಂಟರ್ ಬಣ್ಣ ಹೊಡೆದ. ಬಿಸಿಲಿಗೆ ತಂದು ನಿಲ್ಲಿಸಿದಾಗ ನಮ್ಮವನು ಗಾಡಿ ಸುತ್ತ ಪ್ರದಕ್ಷಿಣೆ ಹಾಕಿ ಹೇಳಿದ, ‘ಭಾಯ್, ಈ ಬಿಳಿ ಬೇರೆ, ಆ ಬಿಳಿ ಬೇರೆ.’

‘ಗೊಬ್ಬರದ ಲೋಡ್ ಹಾಕಿ ಎರಡು ಮಳೆ ನೆನೆಸಣ. ಎರಡೂ ಒಂದೇ ಬಣ್ಣ ಆಗುತ್ತೆ.’

‘ಹೊಸ ಗಾಡಿ ಭಾಯ್ ಇದು.’

‘ಅದಕ್ಕೇ ಹೇಳ್ತಿರೋದು.’

ಅರ್ಧ ಗಂಟೆ ನಡೆಯಿತು. ಕೊನೆಗೆ ಐನೂರು ರೂಪಾಯಿ ಇಳಿಸಿ, ನಂಬರ್ ಪ್ಲೇಟಿಗೆ ಹೊಸ ಸ್ಕ್ರೂ ಬಿಟ್ಟಿ ಹಾಕಿಕೊಟ್ಟರು.